ಬಳ್ಳಾರಿ ಜೀನ್ಸ್: ಹೊಲಿದವರ ಚರಿತ್ರೆ

ಬಳ್ಳಾರಿಯ ದರ್ಜಿಗಳಿಗೆ ದಪ್ಪ ಬಟ್ಟೆಯ ರೂಢಿ ಮಾಡಿಸಿದ್ದು ದಂಡು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಗುಡ್ಡದ ಕೆಳಗೆ ಸೈನ್ಯ ಬಂದು ನೆಲೆಯೂರಿತು. ಸೈನ್ಯದ ಬೆನ್ನಿಗೇ ಪೇಟೆ ಬೆಳೆಯಿತು. ಕೌಲ್‌ಬಜಾರ್, ಬ್ರೂಸ್‌ಪೇಟೆ ಎಂಬ ಹೆಸರುಗಳು ಇವತ್ತಿಗೂ ಆ ಕಾಲವನ್ನು ಹೊತ್ತು ನಿಂತಿವೆ. ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೈನಿಕರನ್ನು, ಎರಡನೆಯದರಲ್ಲಿ ಇಟಲಿಯವರನ್ನು ಸೆರೆಯಾಳುಗಳಾಗಿ ಇಲ್ಲಿಗೆ ತಂದಿಟ್ಟರು. ಇಷ್ಟು ಜನಕ್ಕೆ ಸಮವಸ್ತ್ರ ಬೇಕು, ಅದನ್ನು ರಿಪೇರಿ ಮಾಡುವವರು ಬೇಕು. ಮೊದಲ ಯುದ್ಧದ ಹೊತ್ತಿಗೆ ಹೊಲಿಗೆಗಾಗಿಯೇ ಹೊರಗಿನಿಂದ ದರ್ಜಿಗಳನ್ನು ಕರೆತಂದು ಕೂರಿಸಿದರು ಎಂದು ಬಳ್ಳಾರಿಯ ಹಳೆಯ ಹೊಲಿಗೆ ಮನೆತನಗಳಲ್ಲಿ ಹೇಳಿಕೊಂಡು ಬಂದಿದ್ದಾರೆ. ಯುದ್ಧ ಮುಗಿದು ದಂಡು ಖಾಲಿಯಾದಾಗ ದರ್ಜಿಗಳು ಊರು ಬಿಡಲಿಲ್ಲ. ಶಾಲೆ ಮಕ್ಕಳ ಯೂನಿಫಾರ್ಮು, ಹೆಣ್ಣುಮಕ್ಕಳ ಲಂಗ-ದಾವಣಿ, ಕಾಟನ್ ಪ್ಯಾಂಟು, ಹೀಗೆ ಸಿಕ್ಕಿದ್ದನ್ನು ಹೊಲಿದರು. ಖಾಕಿಯ ಮೇಲೆ ಪಳಗಿದ ಕೈ ಮಾತ್ರ ಮನೆಯಲ್ಲೇ ಉಳಿಯಿತು, ತಂದೆಯಿಂದ ಮಗನಿಗೆ ಬಂತು.

ಈ ಕೈಗೆ ಎಂದೂ ಒಂದು ಕಾಗದ ಸಿಗಲಿಲ್ಲ ಎಂಬುದೇ ನಾನು ಹೇಳಹೊರಟಿರುವ ಕಥೆ. ಕೆಲಸ ಬಲ್ಲವರೆಂದು ಊರೆಲ್ಲ ಒಪ್ಪಿತು, ದೇಶದ ಮಾರುಕಟ್ಟೆಯೂ ಒಪ್ಪಿತು. ಆದರೆ ಇಂಥ ಕೆಲಸಗಾರ ಇಂಥಲ್ಲಿ ದುಡಿಯುತ್ತಾನೆ, ಅವನ ಕೆಲಸಕ್ಕೆ ಇಷ್ಟು ಬೆಲೆ ಎಂದು ಬರೆದ ಚೀಟಿ ಮೂರು ತಲೆಮಾರು ಕಳೆದರೂ ಹೆಚ್ಚಿನವರ ಕೈಗೆ ಬರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಎಳೆದರೂ ನಂಟು ಕಡಿಯಲಿಲ್ಲ. ಹತ್ತಿಗೆ ಆದವಾನಿಯ ಮಾರುಕಟ್ಟೆ, ಹೊಲಿಗೆಗೆ ರಾಯದುರ್ಗದ ಕೇರಿಗಳು ಬಳ್ಳಾರಿಯ ಜೊತೆಗೇ ಉಳಿದವು. ಮುಂದೆ ಜೀನ್ಸ್ ಬಂದಾಗ ರಾಯದುರ್ಗವೂ ಜೀನ್ಸ್ ಊರಾದದ್ದು ಇದೇ ನಂಟಿನಿಂದ. ಸಿರುಗುಪ್ಪದಿಂದ ಆದವಾನಿಗೆ ಹೋಗುವ ದಾರಿಯಲ್ಲಿ, ವೇದಾವತಿ ಅಂದರೆ ನಮ್ಮ ಹಗರಿಯ ದಂಡೆಯಲ್ಲಿರುವ ರಾರಾವಿಯಂಥ ಊರುಗಳಿಗೆ ಗಡಿಯೆಂದರೆ ದಿನಾ ದಾಟುವ ರಸ್ತೆ. ಅಲ್ಲಿ ಕನ್ನಡವೂ ತೆಲುಗೂ ಒಂದೇ ಬಾಯಲ್ಲಿ ಬರುತ್ತವೆ. ಅದೇ ಕಾಲಕ್ಕೆ ತುಂಗಭದ್ರಾ ಕಾಲುವೆ ನೀರು ಬಂದು ಸಿರುಗುಪ್ಪದ ಎರೆಹೊಲ ಭತ್ತದ ಗದ್ದೆಯಾಯಿತು. ನಾಟಿ, ಕಳೆ, ಕೊಯ್ಲು ಅಂತ ಹೆಂಗಸರಿಗೆ ವರ್ಷದ ಬಹುಪಾಲು ಕೂಲಿ ಸಿಕ್ಕಿತು. ಹೊಲಿಗೆ ಆಗ ಬಳ್ಳಾರಿ ಪಟ್ಟಣದ ಗಂಡಸರ ಕಸುಬು, ರಾರಾವಿಯ ಹೆಂಗಸರಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ.

ಜೀನ್ಸ್ ಪ್ಯಾಂಟಿನ ಹುಟ್ಟಿನಲ್ಲೂ ಒಬ್ಬ ದರ್ಜಿಯೇ ಇದ್ದಾನೆ. ಅಮೆರಿಕದ ನೆವಾಡದ ರೀನೋ ಊರಿನ ಜೇಕಬ್ ಡೇವಿಸ್, ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಿರಲೆಂದು ಮೂಲೆಗೆ ತಾಮ್ರದ ರಿವೆಟ್ ಬಡಿದ. ತನಗೆ ಬಟ್ಟೆ ಕೊಡುತ್ತಿದ್ದ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ಪಡೆದ. ಲೋಕದ ಬಾಯಲ್ಲಿ ಉಳಿದದ್ದು ವ್ಯಾಪಾರಿಯ ಹೆಸರು. ಬಳ್ಳಾರಿಗೆ ಈ ಬಟ್ಟೆ ಬಂದದ್ದು ನೂರು ವರ್ಷ ದಾಟಿದ ಮೇಲೆ. 1980ರ ದಶಕದಲ್ಲಿ ಸಿನಿಮಾ ನೋಡಿದ ಹುಡುಗರೆಲ್ಲ ಜೀನ್ಸ್ ಕೇಳತೊಡಗಿದ್ದರು. ಅಹಮದಾಬಾದಿನ ಅರವಿಂದ್ ಮಿಲ್ 1986-87ರ ಹೊತ್ತಿಗೆ ಜೀನ್ಸಿನ ಬಟ್ಟೆಯಾದ ಡೆನಿಮ್ ನೇಯ್ಗೆಗೆ ಇಳಿಯಿತು. ಬಟ್ಟೆ ಸಿಗತೊಡಗಿದ್ದೇ ತಡ, ದಪ್ಪ ಬಟ್ಟೆಗೆ ಹೆದರದ ದರ್ಜಿಗಳ ಊರು ಅದನ್ನು ಹಿಡಿದುಕೊಂಡಿತು. ಮೊದಮೊದಲು ಹೆಸರಿಲ್ಲದ ಮಾಲು ಸಂತೆಗಳಿಗೆ, ಹಾದಿಬದಿಯ ಅಂಗಡಿಗಳಿಗೆ ಹೋಯಿತು. ಆಮೇಲೆ ಪಾಯಿಂಟ್ ಬ್ಲ್ಯಾಂಕ್, ವಾಕರ್, ಡ್ರ್ಯಾಗನ್‌ಫ್ಲೈ, ಪೋಡಿಯಂ ಎಂಬ ಬಳ್ಳಾರಿಯದೇ ಬ್ರ್ಯಾಂಡುಗಳು ಹುಟ್ಟಿದವು.

ಆ ಕಾಲದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಅರವಿಂದ್ ಮಿಲ್ ‘ರಫ್ ಅಂಡ್ ಟಫ್’ ಎಂಬ ಕಿಟ್ ಬಿಟ್ಟಿತು. ಡೆನಿಮ್ ತುಂಡು, ಜಿಪ್ಪು, ರಿವೆಟ್ಟು, ಲೇಬಲ್ಲು ಎಲ್ಲ ಒಂದೇ ಪೊಟ್ಟಣದಲ್ಲಿ, ಬೆಲೆ 195 ರೂಪಾಯಿ. ಕೊಂಡವರು ತಮ್ಮೂರ ಟೈಲರ್ ಹತ್ತಿರ ಹೊಲಿಸಿಕೊಳ್ಳಬೇಕು. ಅದಕ್ಕಾಗಿ ಕಂಪನಿಯೇ ಸಣ್ಣ ಊರುಗಳ ಸಾವಿರಾರು ಟೈಲರ್‌ಗಳಿಗೆ ಜೀನ್ಸ್ ಹೊಲಿಯುವ ತರಬೇತಿ ಕೊಡಿಸಿತು. ದೇಶದ ಹಳ್ಳಿ ಟೈಲರ್‌ಗಳಿಗೆ ಡೆನಿಮ್ ವಿದ್ಯೆ ಒಟ್ಟೊಟ್ಟಿಗೆ ಸಿಕ್ಕಿದ್ದು ಸರ್ಕಾರದ ಯೋಜನೆಯಿಂದಲ್ಲ, ಬಟ್ಟೆ ಮಾರಬೇಕಿದ್ದ ಒಂದು ಗಿರಣಿಯಿಂದ. ಮಾರಾಟದ ಅಲೆ ಇಳಿದ ಮೇಲೆ ತರಬೇತಿಯೂ ನಿಂತಿತು. ಕಲಿಸುವವರ ಲೆಕ್ಕಾಚಾರ ಮುಗಿದಾಗ ಕಲಿಕೆಯೂ ಮುಗಿಯುವುದನ್ನು ಈ ಉದ್ಯಮ ಆಮೇಲೂ ಕಂಡಿದೆ.

ಬಳ್ಳಾರಿಯಲ್ಲಿ ಕಲಿಕೆ ನಡೆದದ್ದು ಬೇರೆ ರೀತಿ. ಹುಡುಗನನ್ನು ಪರಿಚಯದ ಶೆಡ್ಡಿಗೆ ಕರೆತಂದು ಉಸ್ತಾದರ ಪಕ್ಕ ಕೂರಿಸುತ್ತಿದ್ದರು. ಮೊದಲು ದಾರ ಕತ್ತರಿಸುವುದು, ಬಂಡಲ್ ಎತ್ತಿಕೊಡುವುದು, ಚಹಾ ತರುವುದು. ಆಮೇಲೆ ಲೂಪ್, ಜೇಬಿನ ಚೀಲ. ಕೈ ಕೂತ ಮೇಲೆ ಜಿಪ್ ಪಟ್ಟಿ, ಬೆಲ್ಟು. ಎಲ್ಲಕ್ಕಿಂತ ಕಷ್ಟದ್ದು ಎರಡು ಕಾಲು ಕೂಡುವ ಜಾಗ. ಮುಂದಿನ ಹೊಲಿಗೆ, ಹಿಂದಿನ ಹೊಲಿಗೆ, ಒಳಕಾಲಿನ ಮಡಿಕೆ ಎಲ್ಲ ಬಂದು ಸೇರುವಲ್ಲಿ ಬಟ್ಟೆ ಪದರದ ಮೇಲೆ ಪದರವಾಗಿ ಹಲಗೆಯಷ್ಟು ಗಟ್ಟಿಯಾಗುತ್ತದೆ. ಅಂಗಿ ಹೊಲಿಯುವ ಸೂಜಿ ಅಲ್ಲಿ ಮುರಿದೇ ಹೋಗುತ್ತದೆ, ಹದಿನಾರು ಇಲ್ಲವೇ ಹದಿನೆಂಟನೇ ನಂಬರಿನದೇ ಬೇಕು. ಬಲ್ಲವನು ಆ ಗಂಟಿಗೆ ಬರುವ ಒಂದು ಗೇಣು ಮೊದಲೇ ಪೆಡಲಿನ ಮೇಲಿನ ಕಾಲನ್ನು ಹಗುರ ಮಾಡುತ್ತಾನೆ, ಬೇಕಾದರೆ ಚಕ್ರವನ್ನು ಕೈಯಲ್ಲೇ ತಿರುಗಿಸಿ ನಾಲ್ಕು ಹೊಲಿಗೆ ದಾಟಿಸುತ್ತಾನೆ, ದಾಟಿದ ಮೇಲೆ ಮತ್ತೆ ವೇಗ ಕೊಡುತ್ತಾನೆ. ಇದನ್ನು ಬಾಯಲ್ಲಿ ಹೇಳಿಕೊಟ್ಟರೆ ಬರುವುದಿಲ್ಲ. ಕಟಿಂಗ್ ಮಾಸ್ಟರದು ಇನ್ನೊಂದು ವಿದ್ಯೆ. ಡೆನಿಮ್ ವಾಷಿಂಗಿಗೆ ಹೋದರೆ ಕುಗ್ಗುತ್ತದೆ, ಪ್ರತಿ ಥಾನೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಒಂದು ತುಂಡನ್ನು ಮೊದಲು ಒಗೆಸಿ ನೋಡಿ, ಕುಗ್ಗಿದ ಲೆಕ್ಕ ಸೇರಿಸಿ ಗುರುತು ಹಾಕಬೇಕು. ಲೆಕ್ಕ ತಪ್ಪಿದರೆ ಮೂವತ್ತೆರಡರ ಸೊಂಟ ಮೂವತ್ತಾಗಿ ಇಡೀ ಲಾಟ್ ಹಾಳು.

ದಿನದ ಕೊನೆಗೆ ಬೆರಳೆಲ್ಲ ನೀಲಿ. ಇಂಡಿಗೋ ಉಗುರಿನ ಸಂದಿಯಲ್ಲಿ ಕೂತರೆ ಸೋಪಿಗೆ ಜಗ್ಗುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲೂ ಜೀನ್ಸ್ ಕೆಲಸದವರನ್ನು ಕೈ ನೋಡಿಯೇ ಗುರುತಿಸಬಹುದು.

ಇಡೀ ಪ್ಯಾಂಟನ್ನು ಒಬ್ಬನೇ ಹೊಲಿಯುವ ಪದ್ಧತಿ ಬೇಗ ಹೋಯಿತು. ಒಬ್ಬರು ಬಟ್ಟೆ ಕೊಳ್ಳುತ್ತಾರೆ, ಕಟಿಂಗ್ ಮಾಡಿಸುತ್ತಾರೆ. ಬಂಡಲ್‌ಗಳು ಜಾಬ್‌ವರ್ಕಿನ ಶೆಡ್ಡಿಗೆ ಹೋಗುತ್ತವೆ. ಹೊಲಿದದ್ದು ಕಾಜಾ-ಬಟನ್, ಬಾರ್‌ಟ್ಯಾಕ್ ಮಾಡುವವರಲ್ಲಿಗೆ, ಅಲ್ಲಿಂದ ವಾಷಿಂಗಿಗೆ, ಅಲ್ಲಿಂದ ಇಸ್ತ್ರಿ ಮತ್ತು ಪ್ಯಾಕಿಂಗಿಗೆ. ನಡುವೆ ದಾರ ಕತ್ತರಿಸುವ ಕೆಲಸ ಹೆಂಗಸರ ಮನೆಗೇ ಬರುತ್ತದೆ. ಹೊಸ್ತಿಲ ಬಳಿ ಕೂತು, ಒಲೆಯ ಮೇಲಿನ ಅನ್ನ ನೋಡಿಕೊಳ್ಳುತ್ತ ಕತ್ತರಿಸುತ್ತಾರೆ. ಎಲ್ಲದಕ್ಕೂ ಪೀಸ್ ರೇಟ್, ವಾರಕ್ಕೊಮ್ಮೆ ಬಟವಾಡೆ. ಹಬ್ಬಕ್ಕೋ ಹೆರಿಗೆಗೋ ಮುಂಗಡ ತೆಗೆದುಕೊಂಡರೆ ಆ ಶೆಡ್ ಬಿಟ್ಟು ಬೇರೆ ಕಡೆ ಹೋಗುವಂತಿಲ್ಲ. ಶೆಡ್ಡಿನ ಮಾಲೀಕನನ್ನು ಖಳನನ್ನಾಗಿ ಮಾಡಿ ಈ ಕಥೆ ಬರೆಯಲಾಗದು. ಅವನೂ ಬಹಳಷ್ಟು ಸಲ ನಿನ್ನೆಯವರೆಗೆ ಮಷಿನ್ ತುಳಿದವನೇ. ಅವನಿಗೆ ಮಾಲು ಕೊಡುವವನಿಂದ ಸಿಗುವುದೂ ಪೀಸ್ ರೇಟೇ.

ಆದರೆ ಕಾನೂನಿನ ಬಾಗಿಲು ಮುಚ್ಚಿಕೊಂಡದ್ದು ಈ ಹಂಚಿಕೆಯಲ್ಲೇ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ ಹತ್ತು ಜನ ದುಡಿದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಕಾರ್ಮಿಕರ ವಿಮೆಯಾದ ಇಎಸ್‌ಐಗೂ ಹತ್ತು, ಭವಿಷ್ಯನಿಧಿಗೆ ಅಂದರೆ ಪಿಎಫ್‌ಗೆ ಇಪ್ಪತ್ತು. ಒಂದೇ ಮಾಲಿಗೆ ಐವತ್ತು ಜನ ದುಡಿದರೂ ಅವರು ಏಳೆಂಟು ಜನರಂತೆ ಬೇರೆ ಬೇರೆ ಸೂರಿನಡಿ ಕೂತಿದ್ದರೆ ಕಾನೂನಿನ ಕಣ್ಣಿಗೆ ಅಲ್ಲಿ ಕಾರ್ಖಾನೆಯೇ ಇಲ್ಲ. ಸೂಜಿ ಬೆರಳಿಗೆ ಹೊಕ್ಕರೆ ಇಎಸ್‌ಐ ಆಸ್ಪತ್ರೆ ಇಲ್ಲ, ಬಸುರಿಗೆ ಸಂಬಳದ ರಜೆ ಇಲ್ಲ, ಇಪ್ಪತ್ತು ವರ್ಷ ಹೊಲಿದು ಕಣ್ಣು ಮಂಜಾದವನಿಗೆ ಪಿಎಫ್ ಇಲ್ಲ. ಹಾಗೆಂದು ಕಾನೂನಿನಲ್ಲಿ ಏನೂ ಇರಲಿಲ್ಲ ಎನ್ನುವಂತಿಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಗೂ ಕಾರ್ಖಾನೆ ಕಾಯ್ದೆ ಅನ್ವಯಿಸುವಂತೆ ಅಧಿಸೂಚನೆ ಹೊರಡಿಸಲು ಅದರ 85ನೇ ಕಲಂ ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. 1948ರದೇ ಕನಿಷ್ಠ ವೇತನ ಕಾಯ್ದೆಗೆ ತಲೆ ಲೆಕ್ಕದ ಮಿತಿಯೇ ಇರಲಿಲ್ಲ. ಅದರ 17ನೇ ಕಲಂ ಪ್ರಕಾರ, ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ಗೊತ್ತುಮಾಡಿದ ಕೆಲಸವನ್ನು ಪೀಸ್ ಲೆಕ್ಕದಲ್ಲಿ ಮಾಡಿಸಿದರೂ ಆ ದಿನದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿರಲಿಲ್ಲ. ಟೈಲರಿಂಗ್ ಉದ್ಯಮಕ್ಕೆ ಕರ್ನಾಟಕದಲ್ಲಿ ಕನಿಷ್ಠ ವೇತನ ಅಧಿಸೂಚನೆ ಇದೆ. ಒಂದು ಬಂಡಲಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುವ ಪುಸ್ತಕ ಶೆಡ್ಡಿನಲ್ಲಿ ಇಲ್ಲದಿದ್ದರೆ ಆ ಕಲಂ ಹಿಡಿದು ಕೇಳುವುದು ಹೇಗೆ? ಹಕ್ಕು ಇತ್ತು, ಅದನ್ನು ಸಾಬೀತು ಮಾಡುವ ಕಾಗದ ಇರಲಿಲ್ಲ.

ಇದರ ನಡುವೆ ಕಬ್ಬಿಣದ ಅದಿರಿನ ಕಾಲ ಬಂತು. 2003-04ರಿಂದ ಚೀನಾಕ್ಕೆ ಅದಿರು ಹೋಗತೊಡಗಿದಾಗ ಲಾರಿ, ಸ್ಟಾಕ್‌ಯಾರ್ಡ್ ಕೆಲಸದಲ್ಲಿ ಸಿಗುತ್ತಿದ್ದ ದುಡ್ಡಿನ ಮುಂದೆ ಹೊಲಿಗೆಯ ಬಟವಾಡೆ ಸಣ್ಣದಾಗಿ ಕಂಡಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಊರಿನ ಪಾಲಿಗೆ ಉಳಿದ ನೆಚ್ಚಿಕೆಯ ಉದ್ಯೋಗಗಳಲ್ಲಿ ಜೀನ್ಸ್ ದೊಡ್ಡದು. ಗಣಿಯ ಬಗ್ಗೆ ಅಷ್ಟೊಂದು ವರದಿ, ಪುಸ್ತಕ, ತನಿಖೆಗಳು ಬಂದವು. ಅದೇ ಊರಿನ ಹೊಲಿಗೆಯವರ ಬಗ್ಗೆ ಬಂದದ್ದು ಬಹಳ ಕಡಿಮೆ, ಅದು ನನಗೆ ಇವತ್ತಿಗೂ ನೋವಿನ ವಿಷಯ.

ಬೆಂಗಳೂರಿನ ದೊಡ್ಡ ಗಾರ್ಮೆಂಟ್ಸ್‌ಗಳಲ್ಲಿ ಆಗಲೇ ಬೇರೆಯದೇ ಚರಿತ್ರೆ ನಡೆಯುತ್ತಿತ್ತು. ಅಲ್ಲಿ ಒಂದೇ ಗೇಟಿನೊಳಗೆ ನೂರಾರು, ಸಾವಿರಾರು ಹೆಂಗಸರು, ಪಿಎಫ್, ಇಎಸ್‌ಐ ಕಡಿತವಾಗುತ್ತಿತ್ತು, ಸಂಘಗಳೂ ಹುಟ್ಟಿದ್ದವು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಮಾಡಿತು. ಮಗಳ ಮದುವೆಗೆ, ಸಾಲಕ್ಕೆ, ಊರಿಗೆ ಮರಳುವುದಕ್ಕೆ ಆ ದುಡ್ಡನ್ನೇ ನಂಬಿದ್ದ ಹೆಂಗಸರು ಏಪ್ರಿಲ್ 18 ಮತ್ತು 19ರಂದು ಮಷಿನ್ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಯಾವ ನಾಯಕರ ಕರೆಗೂ ಕಾಯದೆ ಬೀದಿಗೆ ಬಂದ ಆ ಜನಸಾಗರದ ಮುಂದೆ ಕೇಂದ್ರ ಏಪ್ರಿಲ್ 19ರಂದೇ ನಿಯಮ ಹಿಂತೆಗೆದುಕೊಂಡಿತು. ಕಲ್ಯಾಣ ಕರ್ನಾಟಕದಿಂದ ಗುಳೆ ಹೋದವರೂ ಆ ಕಾರ್ಖಾನೆಗಳಲ್ಲಿದ್ದಾರೆ. 2020ರಲ್ಲಿ ಇನ್ನೊಂದು ಪೆಟ್ಟು ಬಿತ್ತು: ತಿಂಗಳಿಗೆ 417 ರೂಪಾಯಿ ಚಿಲ್ಲರೆಯ ತುಟ್ಟಿಭತ್ಯೆ ಏರಿಕೆಯನ್ನು ರಾಜ್ಯ ಸರ್ಕಾರ ಮುಂದೂಡಿತು. ಸಂಘಗಳು ಹೈಕೋರ್ಟಿಗೆ ಹೋದವು, ಹೊರದೇಶದ ಖರೀದಿದಾರರ ಮೇಲೂ ಒತ್ತಡ ತಂದವು. ಸುಮಾರು ನಾಲ್ಕು ಲಕ್ಷ ಕಾರ್ಮಿಕರಿಗೆ ಸಲ್ಲಬೇಕಿದ್ದ ಬಾಕಿಯನ್ನು ಕಾರ್ಖಾನೆಗಳು ಕೊಡತೊಡಗಿದ್ದು 2022ರ ಆರಂಭದಲ್ಲಿ.

ಈ ಎರಡೂ ಗೆಲುವು ಬಳ್ಳಾರಿಯ ಶೆಡ್ಡುಗಳನ್ನು ಮುಟ್ಟಲಿಲ್ಲ. ಪಿಎಫ್ ಖಾತೆಯೇ ಇಲ್ಲದವರಿಗೆ ಪಿಎಫ್ ನಿಯಮ ಬದಲಾದರೇನು, ಉಳಿದರೇನು? ತುಟ್ಟಿಭತ್ಯೆಯ ಸಾಲು ಇರಬೇಕಾದರೆ ಮೊದಲು ವೇತನ ಚೀಟಿ ಇರಬೇಕು. ಹೋರಾಡುವ ಕೆಚ್ಚು ಬಳ್ಳಾರಿಯವರಿಗೆ ಕಡಿಮೆಯೆಂದಲ್ಲ. ಬೆಂಗಳೂರಿನಲ್ಲಿ ಒಂದು ಗೇಟು ಮುಚ್ಚಿದರೆ ಸಾವಿರ ಮಷಿನ್ ನಿಲ್ಲುತ್ತವೆ, ಕೌಲ್‌ಬಜಾರಿನಲ್ಲಿ ಒಂದು ಶೆಡ್ ನಿಂತರೆ ಬಂಡಲ್ ಪಕ್ಕದ ಓಣಿಗೆ ಹೋಗುತ್ತದೆ.

ನೋಟು ರದ್ದತಿ, ಜಿಎಸ್‌ಟಿ, ಲಾಕ್‌ಡೌನು ಒಂದರ ಹಿಂದೆ ಒಂದು ಬಂದು ರೊಕ್ಕದ ಮೇಲೆ ನಡೆಯುವ ಸಣ್ಣ ಶೆಡ್ಡುಗಳನ್ನು ಹಿಂಡಿದವು. ಅದಕ್ಕಿಂತ ಆಳದ ಬದಲಾವಣೆ ವಾಷಿಂಗಿನಲ್ಲಿ ಆಯಿತು. ಹೊಸ ಜೀನ್ಸಿಗೆ ಹಳತರ ನೋಟ ಕೊಡಲು ಕಲ್ಲು, ಕಿಣ್ವ, ಬ್ಲೀಚು, ಪೊಟ್ಯಾಸಿಯಂ ಪರ್ಮಾಂಗನೇಟಿನ ಸ್ಪ್ರೇ ಬೇಕು, ಜೊತೆಗೆ ಲೆಕ್ಕವಿಲ್ಲದಷ್ಟು ನೀರು. ತುರ್ಕಿಯಲ್ಲಿ ಮರಳು ಊದಿ ಬಣ್ಣ ಕೀಳುತ್ತಿದ್ದ ಹುಡುಗರು ಸಿಲಿಕೋಸಿಸ್ ಹತ್ತಿ ಸತ್ತ ಮೇಲೆ 2009ರಲ್ಲಿ ಅಲ್ಲಿನ ಸರ್ಕಾರ ಆ ಪದ್ಧತಿಯನ್ನೇ ನಿಷೇಧಿಸಿತು. ಬಳ್ಳಾರಿಯಲ್ಲಿ ಪ್ರಶ್ನೆ ಎದ್ದದ್ದು ನೀರಿನಿಂದ. ನೀಲಿ ನೀರು ಚರಂಡಿಗೆ ಹರಿಯುತ್ತದೆಂಬ ದೂರುಗಳ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿ ಇತ್ತೀಚಿನ ವರ್ಷಗಳಲ್ಲಿ ಹಲವು ವಾಷಿಂಗ್ ಘಟಕಗಳಿಗೆ ಮುಚ್ಚುವ ಆದೇಶ ಕೊಟ್ಟಿದೆ. ನೀರು ಶುದ್ಧವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾಷಿಂಗ್ ನಿಂತ ದಿನ ಹೊಲಿಗೆಯೂ ನಿಲ್ಲುತ್ತದೆ, ಇಸ್ತ್ರಿಯೂ ನಿಲ್ಲುತ್ತದೆ, ದಾರ ಕತ್ತರಿಸುವ ಹೆಂಗಸಿನ ಹೊಸ್ತಿಲಿಗೆ ಬಂಡಲ್ ಬರುವುದಿಲ್ಲ. ಘಟಕ ಮುಚ್ಚುವ ಆದೇಶ ಮಾಲೀಕರ ಹೆಸರಿಗೆ ಹೋಗುತ್ತದೆ. ದಿನಗೂಲಿ ಕಳೆದುಕೊಂಡವರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ರಾಸಾಯನಿಕದ ನಡುವೆ ಬರಿಗೈಯಲ್ಲಿ ನಿಂತವರ ಶ್ವಾಸಕೋಶ, ಚರ್ಮದ ಮಾತೂ ಆ ಚರ್ಚೆಯಲ್ಲಿ ಬರಬೇಕಿತ್ತು.

ಇನ್ನು ತರಬೇತಿ. ರಾಜ್ಯದ ಸುವರ್ಣ ವಸ್ತ್ರ ನೀತಿ 2008-13ರಿಂದ ಶುರುವಾಗಿ 2014-19, 2019-24ರ ಜವಳಿ ನೀತಿಗಳವರೆಗೆ ಉಚಿತ ಹೊಲಿಗೆ ತರಬೇತಿಗೆ ಜಾಗವಿತ್ತು. ಕೇಂದ್ರದ್ದು 2010ರ ಕೌಶಲ ಯೋಜನೆ, 2017ರ ಸಮರ್ಥ್. 2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ದರ್ಜಿಯೂ ಒಂದು: ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. ಇವುಗಳಿಂದ ಉಪಕಾರವಾಗಿಲ್ಲ ಎನ್ನಲಾರೆ. ಮಷಿನ್ ಮುಟ್ಟಿರದ ಹುಡುಗಿ ದಾರವಿಲ್ಲದ ಸೂಜಿಯಲ್ಲಿ ಕಾಗದದ ಗೆರೆಯ ಮೇಲೆ ಹೊಲಿಯುವುದರಿಂದ ಶುರುಮಾಡಿ, ಕೆಲವು ವಾರಗಳಲ್ಲಿ ಜೇಬು ಕೂರಿಸುವಷ್ಟಾಗುವುದು ಸಣ್ಣ ಮಾತಲ್ಲ. ಆದರೆ ಸಾಮಾನ್ಯ ಹೊಲಿಗೆ ತರಬೇತಿ ಹಗುರ ಬಟ್ಟೆಯ ಮೇಲೆ, ಒಂಟಿ ಸೂಜಿಯ ಮಷಿನ್ ಮೇಲೆ ನಡೆಯುತ್ತದೆ. ಡೆನಿಮಿನ ಗಂಟು, ಜೋಡಿ ಸೂಜಿ, ಬಾರ್‌ಟ್ಯಾಕ್, ಕುಗ್ಗುವ ಬಟ್ಟೆಯ ಲೆಕ್ಕ, ಈಗ ಬರುತ್ತಿರುವ ಲೇಸರ್ ಮಷಿನ್, ಕಂಪ್ಯೂಟರ್ ಕಟಿಂಗ್ ಅಲ್ಲಿಗೆ ಬರುವುದು ಅಪರೂಪ. ಪ್ರಮಾಣಪತ್ರ ಹಿಡಿದು ಶೆಡ್ಡಿಗೆ ಬಂದರೆ ಅವಳಿಗೆ ಸಿಗುವುದು ಮತ್ತೆ ದಾರ ಕತ್ತರಿಸುವ ಕೆಲಸ. ಪ್ರಮಾಣಪತ್ರವೂ ಕೂಲಿಯೂ ಒಂದನ್ನೊಂದು ಗುರುತಿಸುವುದಿಲ್ಲ. ಕನಿಷ್ಠ ವೇತನದ ಅಧಿಸೂಚನೆ ಕೆಲಸವನ್ನು ಕೌಶಲದ ದರ್ಜೆಗಳಾಗಿ ವಿಂಗಡಿಸುತ್ತದೆ. ತರಬೇತಿ ಮುಗಿಸಿದವಳು ಯಾವ ದರ್ಜೆಗೆ ಸೇರುತ್ತಾಳೆಂದು ಆ ಪ್ರಮಾಣಪತ್ರದ ಮೇಲೇ ಬರೆದುಕೊಟ್ಟರೆ ಅದು ಗೋಡೆಗೆ ತೂಗುಹಾಕುವ ಹಾಳೆಯಾಗದೆ ಕೂಲಿ ಕೇಳುವ ಆಧಾರವಾಗುತ್ತದೆ. ಉಸ್ತಾದರ ಪಕ್ಕ ಕೂತು ಹದಿನೈದು ವರ್ಷ ಕಲಿತವನಿಗೂ ಪರೀಕ್ಷೆ ಮಾಡಿ ಅದೇ ದರ್ಜೆ ಕೊಡಬೇಕು. ಅವನು ಹೊಸದಾಗಿ ಕಲಿಯಬೇಕಾದ್ದೇನಿಲ್ಲ, ಬಲ್ಲದ್ದನ್ನು ಬರೆದುಕೊಟ್ಟರೆ ಸಾಕು.

ರಾರಾವಿ, ಕುರುಗೋಡು ಕಡೆಯ ಹೆಂಗಸರು ಈ ಕಥೆಯೊಳಗೆ ಬರುವುದು ಈಗ. ಭತ್ತದ ಕೊಯ್ಲು ಯಂತ್ರದ ಪಾಲಾಗಿ ವರ್ಷಗಳಾದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಎರಡನೇ ಬೆಳೆಯ ನೀರನ್ನು ಖಾತ್ರಿಯೆಂದು ನಂಬಲಾಗದು ಎಂಬುದು ಕಾಲುವೆಯ ಕೆಳಗಿನ ಎಲ್ಲ ಊರಿಗೂ ಅರಿವಾಯಿತು. ಇನ್ನೊಂದು ಕಡೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ. ಕುರುಗೋಡಿನಿಂದ ಬಳ್ಳಾರಿಗೆ ದಿನಾ ಹೋಗಿಬರುವ ಖರ್ಚು ಕೂಲಿಯನ್ನು ತಿನ್ನುವುದಿಲ್ಲ. ರಾರಾವಿಯಿಂದ ದೂರ ಹೆಚ್ಚು, ದಿನಾ ಓಡಾಡುವುದು ಕಷ್ಟ. ಅಲ್ಲಿಗೆ ಹೊಲಿಗೆಯೇ ಬರಬೇಕು: ಸಿರುಗುಪ್ಪದಲ್ಲಿ ಡೆನಿಮಿಗೆಂದೇ ಒಂದು ತರಬೇತಿ ಕೇಂದ್ರ, ಅದರ ಮಗ್ಗುಲಲ್ಲೇ ದುಡಿಯುವ ಘಟಕ. ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳಲ್ಲಿ ಉಳಿತಾಯದ ಪುಸ್ತಕ ಬರೆದು ಪಳಗಿದ ಹೆಂಗಸರಿಗೆ ಬಂಡಲ್ ಲೆಕ್ಕ, ಹೊತ್ತಿನ ಲೆಕ್ಕ ಬರೆಯುವುದು ಹೊಸದೇನಲ್ಲ.

2022ರ ಅಕ್ಟೋಬರಿನಲ್ಲಿ ಭಾರತ್ ಜೋಡೋ ಯಾತ್ರೆ ಬಳ್ಳಾರಿಗೆ ಬಂದಾಗ ಜೀನ್ಸ್ ಉದ್ಯಮದ ಮಾತು ರಾಷ್ಟ್ರದ ಪತ್ರಿಕೆಗಳಿಗೆ ಹೋಯಿತು. 2023ರ ಚುನಾವಣೆಯಲ್ಲಿ ರಾಹುಲ್ ಗಾಂಧಿ 5,000 ಕೋಟಿ ರೂಪಾಯಿಯ ಜೀನ್ಸ್ ಅಪರೆಲ್ ಪಾರ್ಕಿನ ಭರವಸೆ ಕೊಟ್ಟರು. ಬಳ್ಳಾರಿ ಅಂಚಿನ ಮುಂಡರಗಿಯಲ್ಲಿ ಮೊದಲಿನಿಂದಲೂ ಒಂದು ಅಪರೆಲ್ ಪಾರ್ಕ್ ಇದೆ. ಹೊಸದಕ್ಕೆ ಸಂಜೀವರಾಯನಕೋಟೆಯ ಹೆಸರು ಬಂದಿದೆ. ಈ ನಡುವೆ 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ವಿದ್ಯುತ್ ಬಳಸುವ ಕಾರ್ಖಾನೆಯ ಮಿತಿ ಹತ್ತರಿಂದ ಇಪ್ಪತ್ತಕ್ಕೆ ಏರಿತು, ಅಂದರೆ ಬಳ್ಳಾರಿಯ ಇನ್ನಷ್ಟು ಶೆಡ್ಡುಗಳು ಕಾರ್ಖಾನೆ ಎನ್ನುವ ಲೆಕ್ಕದಿಂದ ಹೊರಬಿದ್ದವು. ಹತ್ತು ಜನರಿರುವ ಕಡೆ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮವೂ ಅದರ ಜೊತೆಗೇ ಬಂತು. ಹತ್ತಕ್ಕಿಂತ ಕಡಿಮೆ ಇದ್ದರೂ ಮಾಲೀಕ ಮತ್ತು ಹೆಚ್ಚಿನ ಕಾರ್ಮಿಕರು ಒಪ್ಪಿದರೆ ಇಎಸ್‌ಐಗೆ ಸೇರಬಹುದು. ಕನಿಷ್ಠ ವೇತನ ಈಗ ಎಲ್ಲ ಉದ್ಯೋಗಕ್ಕೂ ಅನ್ವಯ.

ಹಾಗಾಗಿ ಪಾರ್ಕಿನ ಗೋಡೆ ಏಳುವ ಮೊದಲೇ ಇತ್ಯರ್ಥವಾಗಬೇಕಾದ ಒಂದು ಲೆಕ್ಕವಿದೆ. ಓಣಿ ಓಣಿಯ ಶೆಡ್ಡುಗಳು ಒಂದೇ ಗೇಟಿನೊಳಗೆ ಬಂದು ಕೂತು, ನೀರು ಶುದ್ಧಿ ಘಟಕವನ್ನೂ ತರಬೇತಿ ಕೇಂದ್ರವನ್ನೂ ಒಟ್ಟಾಗಿ ಬಳಸುವಾಗ, ಅಲ್ಲಿನ ಕೆಲಸಗಾರರ ತಲೆಯನ್ನು ಶೆಡ್ಡಿಗೆ ಎಂಟರಂತೆ ಎಣಿಸುತ್ತಾರೋ, ಗೇಟಿಗೆ ಸಾವಿರದಂತೆ ಎಣಿಸುತ್ತಾರೋ? ನಿವೇಶನ ಹಂಚುವ ಕರಾರಿನಲ್ಲಿ, ಇಎಸ್‌ಐ, ಪಿಎಫ್, ಶಿಶುಪಾಲನೆ ಕೊಠಡಿಗೆ ಇಡೀ ಪಾರ್ಕನ್ನು ಒಂದೇ ಘಟಕವೆಂದು ಪರಿಗಣಿಸಬೇಕು ಎಂಬ ಒಂದು ಷರತ್ತು ಸೇರಿಸಲು ಸರ್ಕಾರಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಜಮೀನೂ ಸಬ್ಸಿಡಿಯೂ ಅದರ ಕೈಯಲ್ಲೇ ಇವೆ.